ಎಸ್‌ಜೆಪಿ ರೋಡಿಗೆ ಗರಗಸ ನೋಡಲು ಹೋದದ್ದು

ಗೋಣಿಚೀಲದಲ್ಲಿ ಒಂದು ಮೊಳ ಪಕಾಸಿ ಸುತ್ತಿಕೊಂಡು ಹೋಗಿದ್ದೆ,
ಕಾಕ್ಸ್‌ಟೌನಿನ ಹಳೇ ಬೇಕರಿಯ ಮಾಡಿನಿಂದ ಇಳಿಸಿದ್ದು.
ಅಂಗಡಿಯವರು ಕೊಡುವ ತುಂಡು ನನಗೆ ಬೇಡ.
ಪ್ಯಾಕಿಂಗ್ ಪೆಟ್ಟಿಗೆಯ ಪೈನು, ಬೆಣ್ಣೆ ಇದ್ದ ಹಾಗೆ,
ಅದನ್ನು ಕೊಯ್ಯದ ಗರಗಸ ಯಾವುದಿದೆ?
ಇದು ಹೊನ್ನೆ. ಎಪ್ಪತ್ತು ವರ್ಷ ಒಲೆಯ ಹೊಗೆ ಕುಡಿದದ್ದು.
ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ.

ಜುಜರ್ ಭಾಯಿ ಅಟ್ಟದಿಂದ ಮೂರು ಪೆಟ್ಟಿಗೆ ಇಳಿಸಿದರು.
"ಕೆಂಪು ತಗೊಳ್ಳಿ ಆಚಾರ್ರೇ, ಒಂಬತ್ತಿಂಚಿನ ಚಕ್ರ,
ತೊಲೆಯನ್ನೇ ನುಂಗುತ್ತೆ."
ನುಂಗಲಿ. ಆರು ಕೇಜಿ.
ನೆಲದ ಮೇಲೆ ಆರು ಕೇಜಿ ಆರೇ ಕೇಜಿ;
ಇಳಿಜಾರಿನಲ್ಲಿ, ರೀಪರಿನ ಮೇಲೆ ಒಂದು ಕಾಲು,
ಇನ್ನೊಂದು ಎಲ್ಲಿದೆ ಅಂತ ನೋಡಲೂ ಪುರುಸೊತ್ತಿಲ್ಲದಾಗ
ಅದು ಹನ್ನೆರಡು.
ಅವರ ಸ್ಟೂಲನ್ನೇ ಎಳೆದು ಹತ್ತಿದೆ. ಒಂಟಿಕಾಲಲ್ಲಿ ನಿಂತು
ಕೈ ಚಾಚಿ ಗರಗಸ ಹಿಡಿದು ಹದಿಮೂರರ ಮಗ್ಗಿ ಹೇಳಿದೆ.
ಹದಿಮೂರಾರ್ಲೆ ಎಪ್ಪತ್ತೆಂಟಕ್ಕೆ ತೋಳು ನಡುಗಿತು.
ಗಿರಾಕಿಗಳು ನಕ್ಕರು. ನಗಲಿ,
ಅವರು ಕೊಳ್ಳಲು ಬಂದದ್ದು ನಲ್ಲಿ.

ನೀಲಿಯದಕ್ಕೆ ವೈರು.
ಹೆಂಚಿನ ಮೇಲೆ ವೈರು ಎಳೆದಾಡಿದರೆ
ಸಾಲಿಗೆ ಎರಡು ಹೆಂಚು ಕೆಳಗೆ, ಕೆಳಗೆ ಬನ್ನಿನ ಟ್ರೇ.
ಮೇಲಾಗಿ ಈ ಊರಿನ ಕರೆಂಟು:
ಅರ್ಧ ಕೊಯ್ತದಲ್ಲಿ ಕೈಕೊಟ್ಟರೆ ಹಲ್ಲು ಮರದೊಳಗೇ ಕಚ್ಚಿಕೊಂಡು
ನಾವು ಮಾಡಿನ ಮೇಲೆ ಕಾಗೆಗಳ ಜೊತೆ ಕೂತಿರಬೇಕು.

ಹಸಿರು ಬ್ಯಾಟರಿಯದು. ಆರೂವರೆ ಇಂಚು,
ತೂಕ ಮೂರು ಕೇಜಿಗೆ ತುಸು ಮೇಲೆ.
ಎರಡಿಂಚು ಮರಕ್ಕೆ ಸಾಕು. ತೊಲೆ ಬಂದರೆ
ಅತ್ತಲಿಂದ ಒಮ್ಮೆ, ಇತ್ತಲಿಂದ ಒಮ್ಮೆ,
ನಡುವೆ ಉಳಿದದ್ದಕ್ಕೆ ಕೈಗರಗಸ ಇದ್ದೇ ಇದೆ.

ಪಕಾಸಿಗೆ ಓರೆಯಾಗಿ ಗೆರೆ ಎಳೆದೆ. ಕೊಯ್ದೆ.
ಮೋಟಾರು ನನ್ನ ಕಡೆ, ಚಕ್ರ ಆಚೆ;
ಬಾಗಿ ಇಣುಕಿದರೆ ಕನ್ನಡಕ ಜಾರುತ್ತದೆ.
ಒಂದು ನೂಲು ತಪ್ಪಿತು.

"ಕೊಡಿ ಇಲ್ಲಿ" ಅಂದ ಬಿಳಿಗಿರಿ. ತಗೊಂಡದ್ದು ಎಡಗೈಯಲ್ಲಿ.
ಮೂರು ವರ್ಷದಿಂದ ನನ್ನ ಬಾಯಲ್ಲಿ ಒಂದೇ ಮಾತು,
ಬಲಗೈ ಕಣೋ, ಬಲಗೈ.
ಆಯುಧಪೂಜೆಯ ದಿನ ಅವನ ಎಡಗೈಯನ್ನು
ಟವೆಲಿನಲ್ಲಿ ಬೆನ್ನಿಗೆ ಕಟ್ಟಿಸಿದ್ದೆ, ತಮಾಷೆಗೆ.
ಪೂರ್ತಿ ತಮಾಷೆಗಲ್ಲ.

ಈಗ ನೋಡಿದರೆ ಮೋಟಾರು ಅವನಿಂದ ಆಚೆ,
ಚಕ್ರ ಅವನ ಕಣ್ಣಿನ ಕೆಳಗೆ.
ಎಲ್ಲವನ್ನೂ ಬಲಗೈಯವರಿಗೇ ಮಾಡಿಟ್ಟ ಲೋಕದಲ್ಲಿ
ಯಾರೋ ಲೆಕ್ಕ ತಪ್ಪಿ
ಇದೊಂದರ ಗೆರೆಯನ್ನು ಎಡಚರಿಗೆ ಬಿಟ್ಟಿದ್ದರು.
ಹೊಟ್ಟು ಮಾತ್ರ ಅವನ ಅಂಗಿಯ ತುಂಬ.
ಕೊಯ್ದ ಬಾಯಿಂದ ಸುಟ್ಟ ಸಕ್ಕರೆಯ ವಾಸನೆ ಬಂತು;
ಜುಜರ್ ಭಾಯಿ ಬಿಲ್ಲು ಬರೆಯುವುದು ಬಿಟ್ಟು ಮೂಗರಳಿಸಿದರು.

ಗೆರೆ ಎರಡಾಗಿ ಸೀಳಿತ್ತು,
ಅರ್ಧ ಪೆನ್ಸಿಲು ಈ ತುಂಡಿಗೆ, ಅರ್ಧ ಆ ತುಂಡಿಗೆ.

"ಸೇಫ್ಟಿ ಗುಂಡಿ ಎರಡೂ ಕಡೆಯಿಂದ ಒತ್ತಬಹುದಾ ಭಾಯಿ?"
ಕೆಂಪಿನದು ಬಲಗೈ ಹೆಬ್ಬೆರಳಿಗೆ ಮಾತ್ರ. ಇದರದು ಎರಡೂ ಕಡೆ.
ಮೂವತ್ತೊಂದು ವರ್ಷ ಈ ಅಂಗಡಿಗೆ ಬಂದಿದ್ದೇನೆ,
ಈ ಪ್ರಶ್ನೆ ಕೇಳಿದ್ದು ಇವತ್ತೇ.

ಹತ್ತೊಂಬತ್ತು ಸಾವಿರ, ಎರಡು ಬ್ಯಾಟರಿ ಸೇರಿ.
ಅರವತ್ತು ಹಲ್ಲಿನ ಚಕ್ರವನ್ನೂ ಹಾಕಲಾ ಅಂದರು.
ಬೇಡ, ಮಾಡಿಗೆ ಇಪ್ಪತ್ತನಾಲ್ಕು ಹಲ್ಲು ಸಾಕು,
ನಾವೇನು ಮದುವೆ ಮಂಚ ಮಾಡ್ತಿದೀವಾ?

ವಾರಂಟಿ ಕಾರ್ಡಿಗೆ ಯಾರ ಹೆಸರು?
ಇವನದ್ದು ಬರೀರಿ, ಅಂದೆ.
ಬಿಳಿಗಿರಿ ನನ್ನ ಮುಖ ನೋಡಲಿಲ್ಲ. ಪೆನ್ನು ತಗೊಂಡ.
ಬಲಗೈಯಲ್ಲಿ.
ಒಂದೊಂದೇ ಅಕ್ಷರ, ಏಣಿ ಹತ್ತುವವನ ಹಾಗೆ,
ರಿ ಬರೆಯುವಷ್ಟರಲ್ಲಿ ಜಾಗ ಮುಗಿದಿತ್ತು.
ಯಾವ ಮೇಷ್ಟ್ರು, ಯಾವ ಕೋಲು ಅಂತ ನಾನು ಕೇಳಲಿಲ್ಲ.
ಕೇಳಲು ನನಗೆ ಯಾವ ಮುಖ?

ಟೌನ್‌ಹಾಲಿನವರೆಗೆ ನಡೆದೆವು.
ಪಕಾಸಿಯ ಎರಡು ತುಂಡೂ ನನ್ನ ಚೀಲದಲ್ಲಿ,
ಪೆಟ್ಟಿಗೆ ಅವನ ಎಡಗೈಯಲ್ಲಿ.